ಫಸ್ಟ್ ಫ್ಲೋರಿನಲ್ಲಿ ಮಲಗಿದ ಹುಡುಗ

ಮಾಧುರಿಯ ಹರೆಯವನ್ನೆಲ್ಲ ನುಂಗಿ ನೀರು ಕುಡಿದವನು ಗಂಡನಲ್ಲ, ಪ್ರೇಮಿಯಲ್ಲ; ಹದಿನೆಂಟನೇ ಶತಮಾನದ ಒಬ್ಬ ಐರಿಷ್ ವಾಸ್ತುಶಿಲ್ಪಿ. ಅವನು ಕಟ್ಟಿದ ಬಂಗಲೆಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದರು. ಅವನ ಬಾಲ್ಯ ಹೇಗಿತ್ತು, ವಿದ್ಯೆ ಎಲ್ಲಿ ಕಲಿತ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹುಡುಕಿ ಡಾಕ್ಟರೇಟ್ ಪಡೆಯುತ್ತೇನೆಂದು ಧಾರವಾಡದ ಈ ಹುಡುಗಿ ಬರ್ಕ್ಲಿಗೆ ಬಂದಳು. ಐರ್ಲೆಂಡಿನವನನ್ನು ಅಮೆರಿಕದಲ್ಲಿ ಹುಡುಕುವುದೇ? ಹೌದು, ಯಾಕೆಂದರೆ ಬಾಸ್ಟನ್ನಿನಲ್ಲಿ ಹುಟ್ಟಿ ಬೆಳೆದ ಅವನ ಮೊಮ್ಮಗಳೊಬ್ಬಳು ಬರೆದಿಟ್ಟ ನೆನಪುಗಳು ಇಲ್ಲಿದ್ದವು.

ಬಂದ ಹೊಸದರಲ್ಲೇ ಅದೃಷ್ಟ ಒದ್ದುಕೊಂಡು ಬಂದಂತಾಯಿತು. ಮೊಮ್ಮಗಳು ಬರೆದಿದ್ದಳು: ಕಲ್ಲುಕುಟಿಗನ ಮಗನಾದ ಅಜ್ಜ, ಚಿಕ್ಕವನಿದ್ದಾಗ ಗುರುವಿನ ಮನೆಯ ಫಸ್ಟ್ ಫ್ಲೋರಿನಲ್ಲಿ ಮಲಗುತ್ತಿದ್ದನಂತೆ! ಆ ಮನೆಯ ಕೆಳಗೆ ಕಲ್ಲು ಕಡಿಯುವ ಅಂಗಳ, ಮೇಲೆ ನಕ್ಷೆ ಬರೆಯುವ ಕೋಣೆ. ಅಂದಮೇಲೆ ಹುಡುಗ ನಕ್ಷೆಗಳ ನಡುವೆಯೇ ಬೆಳೆದ, ಗುರು ಅವನಿಗೆ ಕೈಹಿಡಿದು ಕಲಿಸಿದ. ಆರು ವರ್ಷ ಮಾಧುರಿ ಇದೊಂದೇ ಮಾತಿನ ಮೇಲೆ ಬರೆದಳು. ಸೋಮವಾರ ವೈವಾ. ಮಗಳು ಡಾಕ್ಟರ್ ಆಗುವುದನ್ನು ಕಣ್ಣಾರೆ ನೋಡಲು ಅವ್ವ ಕಮಲವ್ವ ವಿಮಾನ ಹತ್ತಿ ಬಂದೇಬಿಟ್ಟಳು.

ಏರ್‌ಪೋರ್ಟಿನಿಂದ ಕರೆತಂದ ಗೆಳೆಯ ಕುಶಲ್ ಅವ್ವನನ್ನು ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಇಳಿಸಿ ಪಾರ್ಕಿಂಗು ಹುಡುಕಲು ಹೋದ. ಮನೆಯಲ್ಲಿ ಕಾಯುತ್ತಿದ್ದ ಮಾಧುರಿಗೆ ಎಷ್ಟು ಹೊತ್ತಾದರೂ ಅವ್ವನ ಸುಳಿವಿಲ್ಲ. ಆಮೇಲೆ ಮೇಲಿನಿಂದ ಕೂಗು ಕೇಳಿತು.

"ಮಾಧೂ! ಎಲ್ಲಿ ಸತ್ತೀಯವಾ? ಇವನ್ಯಾವನೋ ಚಡ್ಡಿಯಾಂವ ಬಾಗಿಲಾ ತಗದಾನ!"

ಮಾಧುರಿ ನಗುತ್ತ ಓಡಿದಳು. "ಯವ್ವಾ, ಸೆಕೆಂಡ್ ಫ್ಲೋರು ಅಂದಿದ್ನಿ!"

"ಎರಡನೇ ಮಹಡಿಗೇ ಬಂದೇನಿ. ಎರಡು ಸಲ ಮೆಟ್ಟಲಾ ಹತ್ತೇನಿ, ಮೊಣಕಾಲು ಹೋಗ್ಯಾವು!"

"ಹುಚ್ಚಿ, ಇಲ್ಲಿ ಹಂಗಲ್ಲ. ಅಮೆರಿಕಾದಾಗ ಫಸ್ಟ್ ಫ್ಲೋರು ಅಂದ್ರ ನೆಲದ ಮಟ್ಟದ್ದು…"

ಅಜ್ಜನ ಫಸ್ಟ್ ಫ್ಲೋರು ನೆನಪಾಯಿತು. ಬರೆದವಳು ಬಾಸ್ಟನ್ನಿನವಳು. ಆರು ವರ್ಷದ ಹಿಂದೆ ಅದನ್ನು ಓದಿದ ತಾನೋ, ಆಗಷ್ಟೇ ಧಾರವಾಡದಿಂದ ಬಂದಿಳಿದವಳು. ಹುಡುಗ ಮೇಲೆ ಮಲಗಿರಲೇ ಇಲ್ಲ! ಕೆಳಗೆ, ಕಲ್ಲಿನ ಧೂಳಿನಲ್ಲಿ ಕೂಲಿಯವರ ಜೊತೆ ಮಲಗಿದ್ದ. ಯಾವ ಗುರುವೂ ಅವನ ಕೈ ಹಿಡಿದಿರಲಿಲ್ಲ. ಮಾಧುರಿ ಮೆಟ್ಟಿಲ ಮೇಲೆ ಕೂತು ಅವ್ವನಿಗೆ ಎಲ್ಲ ಹೇಳಿದಳು.

ವಿಷಯ ತಿಳಿದ ಕಮಲವ್ವ ದನಿ ತಗ್ಗಿಸಿದಳು. "ಇಷ್ಟು ವರ್ಷ ಯಾರರ ಕೇಳ್ಯಾರೇನು? ಬಾಯಿ ಮುಚ್ಕೊಂಡು ಇರು. ಸತ್ತಾಂವ ಎದ್ದು ಬಂದು ಸಾಕ್ಷಿ ಹೇಳ್ತಾನೇನು?"

ಅವ್ವನ ಮಾತು ಕೇಳೆಂದು ಮಾಧುರಿ ತನ್ನ ಮನಸ್ಸನ್ನು ಬೇಡಿಕೊಂಡಳು. ಆಗಲಿಲ್ಲ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬರೆದಿದ್ದನ್ನು ಓದಹೋದರೆ ಪ್ರತಿ ಪುಟವೂ ಸುಳ್ಳು ಬೊಗಳುತ್ತಿತ್ತು. ವೈವಾದ ಹಿಂದಿನ ದಿನ ಗೈಡಿನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಮುದುಕ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. ಇದನ್ನು ತಾನೂ ಗಮನಿಸಬೇಕಿತ್ತು ಎಂದ. ವೈವಾ ರದ್ದು ಮಾಡಿ ಹೊಸದಾಗಿ ಬರೆಯಬೇಕು, ಆದರೆ ಸ್ಕಾಲರ್‌ಶಿಪ್ಪು ಮುಗಿದಿದೆ, ಅದಿಲ್ಲದೆ ವೀಸಾ ಇಲ್ಲ ಎಂದ. ಅವನೇನು ಮಾಡಿಯಾನು ಪಾಪ!

ಸೋಮವಾರ ಸಂಜೆ ಕಮಲವ್ವ ಸ್ಪೀಕರ್ ಹಾಕಿ ಧಾರವಾಡದ ತನ್ನ ಅಕ್ಕ ದ್ಯಾಮವ್ವನ ಜೊತೆ ಮಾತಾಡುತ್ತಿದ್ದಳು. "ಹ್ಞೂಂ ಅಕ್ಕಾ, ಆತು. ಇನ್ನ ಮ್ಯಾಲೆ ಡಾಕ್ಟರ್ ಮಾಧುರಿ ಅನ್ನಬೇಕು ನೋಡು. ಓಣಿಗೆಲ್ಲಾ ಪೇಢೆ ಹಂಚು." ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು.

ಮಾಧುರಿ ಫೋನು ಕಸಿದುಕೊಂಡಳು. "ದೊಡ್ಡವ್ವಾ, ಹಂಚಬ್ಯಾಡ. ಆಗಿಲ್ಲ."

"ಆಗಿಲ್ಲ ಅಂದ್ರ? ನೀ ಫೇಲಾದಿ?"

ಒಂದನೇ ಇಯತ್ತೆಯಿಂದಲೂ ಕ್ಲಾಸಿಗೆ ಮೊದಲು ಬಂದ ಹುಡುಗಿ ಅವ್ವನ ಮುಖ ನೋಡಿದಳು.

"ಹ್ಞೂಂ ದೊಡ್ಡವ್ವಾ," ಎಂದಳು. "ಫೇಲು."