ಅಣ್ಣನ ಬಲಗೈ ಹಾಕಿದ ತಾಳ

ದೆವ್ವ ಕಂಡೆ ಎಂದವರಿಗೆ "ಮೊದಲು ಕನ್ನಡಕ ಮಾಡಿಸಿಕೊಳ್ಳಿ" ಎನ್ನುತ್ತಿದ್ದವನು ನಾನು. ಈಗಲೂ ನನಗೆ ದೆವ್ವದಲ್ಲಿ ನಂಬಿಕೆ ಬಂದಿಲ್ಲ. ಆದರೆ ಐವತ್ತರ ದಶಕದ ಕೊನೆಯಲ್ಲಿ, ರಾಜಾಜಿನಗರದ ಒಂದು ರಾಮನವಮಿ ಚಪ್ಪರದಲ್ಲಿ ಕಂಡದ್ದರ ತಪ್ಪನ್ನು ಕಣ್ಣಿನ ಮೇಲೆ ಹಾಕುವ ಹಾಗಿಲ್ಲ. ಏಕೆಂದರೆ ಅದನ್ನು ಕಂಡವನು ನಾನೊಬ್ಬನೇ ಅಲ್ಲ.

ಆಗ ರಾಜಾಜಿನಗರ ಎಂದರೆ ಅರ್ಧ ಮನೆ, ಅರ್ಧ ಬಯಲು. ನನ್ನ ಅಣ್ಣ ಅಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಟೈಲರ್ ಅಂಗಡಿ ಇಟ್ಟಿದ್ದ. ಸೀಮೆಸುಣ್ಣದ ಗೆರೆಯಿಲ್ಲದೆ ಕೋಟಿನ ಬಟ್ಟೆ ಕತ್ತರಿಸುತ್ತಾನೆ ಎಂದು ಹೆಸರಿತ್ತು. ಹಿಂದಿನ ದೀಪಾವಳಿಯ ಹೊತ್ತಿಗೆ ಲಕ್ವ ಹೊಡೆಯಿತು. ಕಾಲು ಸುಧಾರಿಸಿತು, ಬಲಗೈ ಮಾತ್ರ ಸತ್ತೇ ಹೋಯಿತು. ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಅದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಅತ್ತಿಗೆ ಅಂಗಡಿಯ ಬಾಗಿಲು ತೆಗೆಯುವುದನ್ನು ನಿಲ್ಲಿಸಿದ್ದರು.

ಅಣ್ಣನಿಗೆ ಸಂಗೀತದ ಗಂಧವೂ ಇರಲಿಲ್ಲ. ಕಛೇರಿ ಎಂದರೆ ಸುಖನಿದ್ದೆ ಎನ್ನುತ್ತಿದ್ದ. ಮನೆಯಲ್ಲಿ ಕೂತು ಕೊರಗುತ್ತಾನಲ್ಲ ಎಂದು ಆ ಸಂಜೆ ನಾನೇ ಬಲವಂತವಾಗಿ ಕರೆದುಕೊಂಡು ಹೋದೆ. ಜಮಖಾನದ ಮೇಲೆ ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತು. ಅವನು ಎಡಗೈಯಿಂದ ಬಲಗೈಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಕೂತ.

ಕೀರ್ತನೆ ಮುಗಿದು ತನಿ ಶುರುವಾಯಿತು. ಹಾಡು, ಪಿಟೀಲು ಎರಡೂ ನಿಂತು ಮೃದಂಗದವರೊಬ್ಬರೇ ನುಡಿಸುವ ಭಾಗ ಅದು. ಗಾಯಕರು ತಾಳ ಹಾಕುತ್ತ ಕೂರಬೇಕು. ಮೃದಂಗದವರು ವಯಸ್ಸಾದ ಬಡಕಲು ಮನುಷ್ಯ. ಮೆಲ್ಲಗೆ, ಯಾರನ್ನೋ ಮಾತಾಡಿಸುತ್ತಿರುವ ಹಾಗೆ ಶುರುಮಾಡಿದರು. ಆಮೇಲೆ ಅವರ ಕೈಯಿಂದ ಬಂದದ್ದನ್ನು ಹೇಳಲು ನನ್ನಲ್ಲಿ ಮಾತಿಲ್ಲ. ಮೃದಂಗದ ಎಡಭಾಗದ ಗುಂಕಾರ ನಾವು ಕೂತ ನೆಲದೊಳಗಿಂದ ಏಳುತ್ತಿತ್ತು. ಬಹಳ ದಿನಗಳ ಮೇಲೆ ನನಗೆ, ಬದುಕು ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸಿತು.

ಲೆಕ್ಕ ಬಿಗಿಯಾಗುತ್ತ ಹೋದಂತೆ ಗಾಯಕರು ತಾಳ ತಪ್ಪಿದರು. ಅಂಥ ಕಡೆ ಘಟಾನುಘಟಿಗಳೂ ತಪ್ಪುವುದುಂಟು. ಅವರ ಕೈ ಗಾಳಿಯಲ್ಲೇ ನಿಂತಿತು. ಮೃದಂಗದವರು ಅವರಿಂದ ಕಣ್ಣು ಕಿತ್ತು ನಮ್ಮ ಕಡೆ ನೋಡಿದರು, ನೋಡುತ್ತಲೇ ನುಡಿಸಿದರು. ಏನಿದೆ ಇಲ್ಲಿ ಎಂದು ನಾನೂ ತಿರುಗಿದೆ.

ಅಣ್ಣನ ಬಲಗೈ ತಾಳ ಹಾಕುತ್ತಿತ್ತು. ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳಿನಿಂದ ಒಂದೊಂದೇ ಬೆರಳೆಣಿಕೆ, ಮತ್ತೆ ಪೆಟ್ಟು, ಅಂಗೈ ಮಗುಚುವುದು. ಕಲಿತು ಪಳಗಿದ ಕೈ, ಒಂದಿಷ್ಟೂ ಅಳುಕಿಲ್ಲ. ಅಣ್ಣ ಮಾತ್ರ ಬಾಯಿ ತೆರೆದುಕೊಂಡು ಮೃದಂಗವನ್ನೇ ನೋಡುತ್ತಿದ್ದ. ಅವನಿಗೆ ಗೊತ್ತೇ ಇರಲಿಲ್ಲ. ಮುಟ್ಟಿದರೆ ನಿಂತುಬಿಟ್ಟೀತು ಎಂದು ಹೆದರಿ ಹಾಗೇ ಕೂತೆ. ತನಿ ಮುಗಿದು ಜನ ಚಪ್ಪಾಳೆ ತಟ್ಟಿದಾಗ ಆ ಕೈ ತೊಡೆಯಿಂದ ಜಾರಿ ಜಮಖಾನದ ಮೇಲೆ ಬಿತ್ತು.

ಮಂಗಳವಾದ ಮೇಲೆ ಮೃದಂಗದವರು ವೇದಿಕೆಯಿಂದಿಳಿದು ಬಂದು ಅಣ್ಣನಿಗೆ ಕೈಮುಗಿದರು.

"ಇವತ್ತು ನನ್ನ ಮಾನ ಉಳಿಸಿದ್ದು ನಿಮ್ಮ ಕೈ. ಯಾರ ಹತ್ರ ಪಾಠ ಆಯ್ತು ಸ್ವಾಮಿ?"

ಅಣ್ಣನ ಮುಖ ಕೆಂಪಾಯಿತು. "ನೊಂದೋರನ್ನ ಹೀಗೆ ಹಂಗಿಸಬಾರದು ಸ್ವಾಮಿ," ಅಂದ. ಎಡಗೈಯಿಂದ ಬಲಗೈ ಎತ್ತಿ ಅವರೆದುರಿಗೇ ಬಿಟ್ಟ. ಅದು ಒದ್ದೆ ಬಟ್ಟೆಯ ಹಾಗೆ ಬಿತ್ತು. ಅವರು ನನ್ನ ಮುಖ ನೋಡಿದರು. ನಾನೂ ಕಂಡಿದ್ದೇನೆಂದು ಅವರಿಗೆ ತಿಳಿಯಿತು.

ಮನೆಗೆ ಬಂದು ಕಂಡದ್ದನ್ನೆಲ್ಲ ಹೇಳಿದೆ. ಬಹಳ ಹೊತ್ತು ಬೈದು, ಕೊನೆಗೆ ಅಣ್ಣ ನಂಬಿದ. ಅವನ ನಿಜವಾದ ನರಕ ಶುರುವಾದದ್ದು ಆಗಲೇ. ದಿನಾ ಬೆಳಗ್ಗೆ ಅಂಗಡಿಯ ಮೇಜಿನ ಮುಂದೆ ಕೂತು, ಸತ್ತ ಬೆರಳುಗಳಿಗೆ ಕತ್ತರಿ ಸಿಕ್ಕಿಸಿ ಕಾಯುತ್ತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅತ್ತಿಗೆ ಅಳುತ್ತಿದ್ದರು. ಅದೇ ಮೃದಂಗದವರ ಕಛೇರಿಗೆ ಮತ್ತೆ ಹೋದೆವು. ಪಾಪ, ಅವರು ಅಣ್ಣನ ಕೈಯನ್ನೇ ನೋಡುತ್ತ ಅವತ್ತಿಗಿಂತ ಚೆನ್ನಾಗಿ ನುಡಿಸಿದರು. ಕೈ ಮಿಸುಕಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ದಿನ ಅಣ್ಣ ಬೆರಳುಗಳಿಂದ ಕತ್ತರಿ ಬಿಡಿಸಿ ಕೆಳಗಿಟ್ಟ.

"ಬಿಡೋ. ನನ್ನ ಕೈಯೇ ಆಗಿದ್ರೆ ನಾನು ಕರೆದಾಗ ಬರ್ತಿತ್ತು. ಅವತ್ತು ಯಾರು ಬಂದಿದ್ರೋ, ಅವರ ಕೆಲಸ ಮುಗಿಸ್ಕೊಂಡು ಹೋದ್ರು. ನಂದು ಇಲ್ಲೇ ಉಳೀತು."

ಆಮೇಲೂ ಅವನು ಬಹಳ ವರ್ಷ ಬದುಕಿದ. ಅವತ್ತಿನದನ್ನು ಹೇಳಿದರೆ ಡಾಕ್ಟರು ನರದ ಸೆಳೆತ ಎಂದರು. ಸೆಳೆತಕ್ಕೆ ತಾಳ ಗೊತ್ತಿರುತ್ತದೆಯೇ ಎಂದು ಕೇಳಿದರೆ ಮುಂದಿನ ರೋಗಿಯನ್ನು ಕರೆದರು. ಅಣ್ಣ ಹೇಳಿದ್ದಕ್ಕಿಂತ ಬೇರೆ ವಿವರಣೆ ನನಗೆ ಇವತ್ತಿಗೂ ಹೊಳೆದಿಲ್ಲ, ಅದನ್ನು ನಂಬುವ ಧೈರ್ಯವೂ ಬಂದಿಲ್ಲ.