ಶನಿವಾರಗಳ ಪಟ್ಟಿ

ಹೋದ ವಾರ ನಾರಾಯಣಖೇಡದ ಬಸ್ ನಿಲ್ದಾಣದಲ್ಲಿ ಮಳೆಗೆ ತೊಯ್ದ ಕಂಬಳಿ ಹೊದ್ದ ಮುದುಕನೊಬ್ಬ ನನ್ನ ಪಕ್ಕದಲ್ಲಿ ಬಂದು ಕೂತ. ಹಸಿ ಉಣ್ಣೆ, ಒಲೆಯ ಹೊಗೆ, ಕುರಿಹಾಲು ಮೂರೂ ಕೂಡಿದ ವಾಸನೆ. ಆಚೆ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಹೋದಳು. ನಾನು ಏಳಲಿಲ್ಲ. ನಾನು ಹತ್ತಬೇಕಿದ್ದ ಸಿರ್ಗಾಪುರದ ಬಸ್ಸು ಬಂದು, ತುಂಬಿಕೊಂಡು, ಹೊರಟೂ ಹೋಯಿತು. ಆ ವಾಸನೆಯ ಜೊತೆ ನಾನು ತಾಂಡೂರಿನ ಒಂದು ಕೋಣೆಯಲ್ಲಿ ನೂರ ನಲವತ್ತಾರು ದಿನ ಇದ್ದೆ. ನಾಲ್ಕು ವರ್ಷವಾಯಿತು...

ದಿನಗಳನ್ನು ಎಣಿಸುವುದು ನನಗೆ ಶಾಲೆಯಿಂದ ಬಂದ ಚಟ. ಡಿಗ್ರಿ ಸೀಟು ಆನ್‌ಲೈನ್‌ನಲ್ಲಿ ತಾಂಡೂರಿಗೆ ಬಂದಾಗ ಹೊಸ ನೋಟ್‌ಬುಕ್ಕು ತೆಗೆದಿದ್ದೆ. ಊರಿಗೆ ಹೋಗಬೇಕೆಂದರೆ ಜಹೀರಾಬಾದಿನಲ್ಲಿ ಒಮ್ಮೆ, ನಾರಾಯಣಖೇಡದಲ್ಲಿ ಒಮ್ಮೆ ಬಸ್ಸು ಬದಲಿಸಬೇಕು. ಹೋಗಿ ಬರುವುದರಲ್ಲೇ ಭಾನುವಾರ ಮುಗಿಯುತ್ತಿತ್ತು. ಅದಕ್ಕೆ ಅಪ್ಪ ಹಬ್ಬಕ್ಕೆ ಮಾತ್ರ ಬಾ ಎಂದಿದ್ದರು. ಮೊದಲ ವಾರ ಅತ್ತದ್ದು ಒಂಬತ್ತು ಸಲ, ಎರಡನೆಯ ವಾರ ಏಳು ಸಲ ಎಂದು ಬರೆದಿಟ್ಟಿದ್ದೇನೆ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಹುಡುಗಿಯರ ಮಾತೆಲ್ಲ ತೆಲುಗಿನಲ್ಲಿ. ತೆಲುಗು ನನಗೆ ಬರುತ್ತಿತ್ತು, ನಗುವಷ್ಟು ಬರುತ್ತಿರಲಿಲ್ಲ. ಎಲ್ಲರೂ ನಕ್ಕ ಮೇಲೆ ನಾನು ನಗುತ್ತಿದ್ದೆ.

ಕೋಣೆಯಲ್ಲಿ ನನ್ನ ಜೊತೆಗಿದ್ದವಳು ಕುರಿಯವರ ಮಗಳು. ರಾಯಿಕೋಡ್ ಕಡೆಯ ಊರು. ಮನೆಯಲ್ಲಿ ನಮ್ಮಂತೆಯೇ ಕನ್ನಡ. ಕೆಂಪು ರುಮಾಲಿನ ಅವಳ ಅಪ್ಪ ಮೊದಲ ದಿನ ಅವಳನ್ನು ಬಿಡಲು ಬಂದು, ಹೊಸಿಲ ಒಳಗೆ ಕಾಲಿಡದೆ, ಒಂದು ಕರಿ ಕಂಬಳಿಯನ್ನು ನನ್ನ ಕೈಗೇ ಕೊಟ್ಟು, "ಇಬ್ರೂ ಕೂಡಿ ಇರ್ರೆವ್ವಾ," ಎಂದು ಹೋಗಿದ್ದ. ನಮ್ಮದು ಹೊಲಮನೆ ಇದ್ದ ಲಿಂಗಾಯತರ ಮನೆ ಎಂದು ತಿಳಿದ ಗಳಿಗೆಯಿಂದ ಅವಳು ನನ್ನನ್ನು ಗೌಡ್ತಿ ಎಂದೇ ಕರೆದಳು. ನಮ್ಮ ಮನೆಯಲ್ಲಿ ಗೌಡಕಿ ಯಾವತ್ತೂ ಇರಲಿಲ್ಲ. ಅದನ್ನು ಹೇಳಿದರೂ ಬಿಡಲಿಲ್ಲ.

ಜೋಳದ ರೊಟ್ಟಿ ಬಡಿಯಲು ನನಗೆ ಬರುತ್ತಿರಲಿಲ್ಲ. ಊರಲ್ಲಿ ಅವ್ವ ಮಾಡುತ್ತಿದ್ದಳು, ನಾನು ಓದುತ್ತಿದ್ದೆ. ಮೊದಲ ದಿನ ನಾನು ಹಿಟ್ಟು ಹಾಕಿಕೊಂಡು ಕೂತಾಗ ಅವಳು ಬಾಗಿಲಿಗೆ ಒರಗಿ ನೋಡಿದಳು.

"ಏ ಗೌಡ್ತಿ, ರೊಟ್ಟಿ ಬಡ್ಯಾಕತ್ತೀಯೋ, ಕಲ್ಲ ಒಡ್ಯಾಕತ್ತೀಯೋ? ತಾಂಡೂರಾಗ ಕಲ್ಲ ಒಡ್ಯೋರು ಭಾಳ ಮಂದಿ ಅದಾರ, ನೀ ಬಿಡು."

ಆಮೇಲೆ ನನ್ನ ಎದುರು ಕೂತು, ನನ್ನ ಅಂಗೈ ಹಿಡಿದು ತಿರುಗಿಸಿ ತೋರಿಸಿದಳು. ಹದಿನೇಳನೆಯ ದಿನ ಒಂದು ರೊಟ್ಟಿ ಹರಿಯದೆ ಬಂತು. ಆ ವಾರ ಅತ್ತದ್ದು ಎರಡು ಸಲ, ಮುಂದಿನ ವಾರ ಒಂದೂ ಇಲ್ಲ. ಕಾಲೇಜಿನಲ್ಲಿ ಯಾರ ಪಕ್ಕ ಕೂರಬೇಕು, ಯಾವ ಮೇಡಂ ಹಾಜರಿ ಕಟ್ಟುನಿಟ್ಟಾಗಿ ತೆಗೆಯುತ್ತಾರೆ, ಎಲ್ಲವನ್ನೂ ಅವಳೇ ತಿಳಿದುಕೊಂಡು ಬಂದು ಹೇಳುತ್ತಿದ್ದಳು. ಆ ವರ್ಷ ನಾನು ಮೂಟೆ ಕಟ್ಟಿಕೊಂಡು ಊರಿಗೆ ಓಡದೆ ಉಳಿದದ್ದು ಅವಳಿಂದ.

ಶನಿವಾರ ಮಧ್ಯಾಹ್ನ ಕ್ಲಾಸು ಮುಗಿಯುತ್ತಲೇ ಅವಳು ಹೊರಡುತ್ತಿದ್ದಳು. ಭಾನುವಾರ ಸಂಜೆ ಒಂದು ಬಾಟಲಿ ಹಾಲು ಹಿಡಿದುಕೊಂಡು, ಕೂದಲಲ್ಲಿ ಹುಲ್ಲು ಸಿಕ್ಕಿಸಿಕೊಂಡು ವಾಪಸ್ಸಾಗುತ್ತಿದ್ದಳು. ನಾನು ಹೋಗಲಾರದ ಕಡೆಗೆ ಅವಳು ಹೋಗಿ ಬರುತ್ತಿದ್ದಳು. ಮೊದಲ ಸಲ ಅವಳು ಹೊರಟ ಸಮಯವನ್ನು ಯಾಕೆ ಬರೆದೆನೋ ಗೊತ್ತಿಲ್ಲ... ಇಲ್ಲ, ಗೊತ್ತಿದೆ. ಹೊಟ್ಟೆಕಿಚ್ಚು. ಭಾನುವಾರಗಳನ್ನು ಒಬ್ಬಳೇ ಬಟ್ಟೆ ಒಗೆದು ಕಳೆಯುತ್ತಿದ್ದ ನನಗೆ ಅವಳ ನಗುಮುಖ ಸಹಿಸಲಾಗುತ್ತಿರಲಿಲ್ಲ.

ಹೋಗುವಾಗ ಯಾವ ಊರಿಗೆ ಎಂದು ಕೇಳುತ್ತಿದ್ದೆ. ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ನಾಲ್ಕು ವಾರವಾದ ಮೇಲೆ ನೋಡಿದರೆ ಮೂರು ಬೇರೆ ಬೇರೆ ಹೆಸರು. ಒಮ್ಮೆ ಕೇಳಿಯೇಬಿಟ್ಟೆ.

"ಮನಿಗಿ ಹೊಂಟೀನಿ ಅಂತಿ. ನಿಮ್ಮ ಮನಿ ಖರೇ ಎಲ್ಲದ?"

"ಅಪ್ಪ ಎಲ್ಲಿರ್ತಾನ ಅಲ್ಲೇ ಮನಿ," ಎಂದು ನಕ್ಕು ಬಸ್ಸಿಗೆ ಓಡಿದಳು.

ಜಾಣತನದಿಂದ ಮಾತು ಹಾರಿಸಿದಳು ಎಂದುಕೊಂಡೆ. ಆ ದಿನದ ಕೆಳಗೆ 'ಸರಿಯಾದ ಉತ್ತರ ಕೊಡಲಿಲ್ಲ' ಎಂದು ಬರೆದಿದ್ದೇನೆ.

ಮನೆಯೊಡತಿಯನ್ನು ನಾವೆಲ್ಲ ಕಾಕಿ ಎನ್ನುತ್ತಿದ್ದೆವು. ಗಂಡನಿಲ್ಲದ ಹೆಂಗಸು, ಮೇಲಿನ ಎರಡು ಕೋಣೆಗಳಲ್ಲಿ ನಾಲ್ಕು ಹುಡುಗಿಯರನ್ನು ಇಟ್ಟುಕೊಂಡಿದ್ದಳು. ಕಂಬಳಿಯ ವಾಸನೆಗೆ ಮೊದಲಿನಿಂದಲೂ ಮೂಗು ಮುರಿಯುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಒಂದು ದಿನ ನನ್ನನ್ನು ಕೆಳಗೆ ಕರೆದು ಚಹಾ ಕೊಟ್ಟಳು. ಅದಕ್ಕೆ ಮುಂಚೆ ಯಾವತ್ತೂ ಕೊಟ್ಟಿರಲಿಲ್ಲ.

"ಆಕಿ ವಾರಾ ವಾರಾ ಎಲ್ಲಿಗಿ ಹೋಗ್ತಾಳವ್ವಾ? ನಿಂಗೇನರ ಹೇಳ್ಯಾಳೇನು? ನಾಕ್ ಹೆಣ್ಣಮಕ್ಕಳ್ನ ಮನ್ಯಾಗ ಇಟ್ಕೊಂಡೀನಿ. ನಾಳಿ ಹೆಚ್ಚುಕಡಿಮಿ ಆತು ಅಂದ್ರ ಮಂದಿ ನನ್ನ ಮಾರಿಗೇ ಉಗಳ್ತಾರ."

"ನಾ ಬರದಿಟ್ಟೀನಿ ಕಾಕಿ," ಎಂದೆ. ಯಾರೂ ಕೇಳದೆ ಬಿದ್ದಿದ್ದ ನನ್ನ ನೋಟ್‌ಬುಕ್ಕನ್ನು ಒಬ್ಬರು ಕೇಳಿದರಲ್ಲ ಎಂದು ಹಿಗ್ಗಿದ್ದು ಇವತ್ತಿಗೂ ನೆನಪಿದೆ.

"ಶಾಣ್ಯಾಕಿ ಇದ್ದಿ. ಒಂದ್ ಹಾಳ್ಯಾಗ ಬರದ್ ಕೊಡು."

ಸ್ಕೇಲಿನಿಂದ ಗೆರೆ ಎಳೆದು ಬರೆದೆ. ಹೊರಟ ಸಮಯ, ಬಂದ ಸಮಯ, ಅವಳು ಹೇಳಿದ ಊರು. ಇಪ್ಪತ್ತು ಶನಿವಾರಗಳಲ್ಲಿ ಹದಿನಾಲ್ಕು ಸಲ ಹೋಗಿದ್ದಳು. ಒಂಬತ್ತು ಊರುಗಳ ಹೆಸರು ಹೇಳಿದ್ದಳು. ಊರು ಬದಲಾದ ಕಡೆಯೆಲ್ಲ ಕೆಂಪು ಪೆನ್ನಿನಿಂದ ಅಡಿಗೆರೆ ಹಾಕಿದೆ. ಅದನ್ನು ಯಾರೂ ಕೇಳಿರಲಿಲ್ಲ.

ಮೂರನೆಯ ದಿನ ಕಾಲೇಜಿನಿಂದ ಇಬ್ಬರೂ ಕೂಡಿಯೇ ಬಂದೆವು. ಪಡಸಾಲೆಯಲ್ಲಿ ಕಾಕಿಯ ಎದುರು ನನ್ನ ಜೊತೆಗಿದ್ದವಳ ಸೋದರಮಾವ ಕೂತಿದ್ದ. ಪೆದ್ದೆಮುಲ್‌ನಲ್ಲಿ ಆಟೋ ಇಟ್ಟುಕೊಂಡವನು. ಕಾಲೇಜಿನ ಅರ್ಜಿಯಲ್ಲಿ ಪೋಷಕನೆಂದು ಸಹಿ ಹಾಕಿದವನು. ನಾನು ಬರೆದ ಹಾಳೆ ಅವನ ಕೈಯಲ್ಲಿತ್ತು.

"ಒಂಬತ್ತ್ ಊರ ತಿರಗ್ಯಾಳ. ಇದೇನ್ ಓದಾಕ ಬಂದಾಕಿ ಮಾಡೋ ಕೆಲಸೇನು?"

ಅವಳು ಹಾಳೆಯನ್ನು ನೋಡಿದಳು. ಅಕ್ಷರ ಗುರುತು ಸಿಕ್ಕಿತು. ನನ್ನ ಕಡೆ ತಿರುಗಲಿಲ್ಲ. "ಮಾವಾ, ಕುರಿ ಎಲ್ಲಿ ಕೂಡ್ತಾವ ಅಲ್ಲಿಗಿ ಹೋಗೀನಿ. ಅವ್ವನೂ ಅಲ್ಲೇ ಇರ್ತಾಳ. ಊರಾಗ ನಮ್ಮ ಮನಿಗಿ ಕೀಲಿ ಅದ, ನಿನಗ ಗೊತ್ತಿಲ್ಲೇನು?"

ಕೇಳಿದ ಗಳಿಗೆಯೇ ನನಗೆ ಎಲ್ಲ ತಿಳಿಯಿತು. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ನಮ್ಮ ಹೊಲಕ್ಕೂ ಕುರಿ ಬರುತ್ತವೆ. ಗೊಬ್ಬರಕ್ಕೆಂದು ಅಪ್ಪನೇ ಹೋಗಿ ಕುರಿಯವರನ್ನು ಕರೆತರುತ್ತಾರೆ. ಎರಡು ಮೂರು ದಿನ ಮಂದೆ ಕೂಡುತ್ತದೆ; ಅವರು ನಮ್ಮ ಬಾವಿಯ ಹತ್ತಿರ ಒಲೆ ಹೂಡುತ್ತಾರೆ, ಆಮೇಲೆ ಬೇರೆ ಊರಿನ ಹೊಲ. ಹುಟ್ಟಿದಾಗಿನಿಂದ ನೋಡಿದ್ದೆ. ನಮ್ಮ ಲೆಕ್ಕದಲ್ಲಿ ಅವರು ಬರುವವರು, ಹೋಗುವವರು. ಅವರನ್ನು ಹುಡುಕಿಕೊಂಡು ಬಸ್ಸು ಹತ್ತುವ ಮಗಳೊಬ್ಬಳು ಇರಬಹುದು ಎಂದು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಆಗಲೇ ಹೇಳಬಹುದಿತ್ತು. 'ಆಕಿ ಹೇಳೋದು ಖರೇ ಅದ ಕಾಕಿ, ನಮ್ಮ ಹೊಲಕ್ಕೂ ಹಂಗೇ ಬರ್ತಾರ' ಎಂಬ ಒಂದು ಮಾತು. ಕಾಕಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿದರೆ ನನ್ನ ಹಾಳೆ ಸುಳ್ಳಾಗುತ್ತಿತ್ತು. ಕಾಲೇಜಿನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡೆ.

"ಅಪ್ಪಗ ಫೋನ್ ಹಚ್ಚಿ ಕೇಳು," ಎಂದಳು ಅವಳು. ಮಾವ ಹಚ್ಚಿದ. ಹತ್ತಲಿಲ್ಲ. ಇನ್ನೊಮ್ಮೆ ಹಚ್ಚಲಿಲ್ಲ.

"ಕಾಗದದ ಮ್ಯಾಲ ಅದ. ಇನ್ನೇನ್ ಕೇಳೋದು?" ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಅವನೂ ಕುರಿ ಹಿಂದೆಯೇ ಬೆಳೆದವನು. ಅವಳು ಹೇಳಿದ ಪ್ರತಿ ಮಾತೂ ನಿಜವೆಂದು ಆ ಪಡಸಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ. ಅವನಿಗೊಬ್ಬ ಮಗನಿದ್ದ, ಈ ಹುಡುಗಿ ಓದು ಬಿಟ್ಟು ತನ್ನ ಮನೆಗೆ ಬರಲಿ ಎಂದು ಮೊದಲಿನಿಂದ ಕಾದಿದ್ದ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಕಾಯುತ್ತಿದ್ದವನ ಕೈಗೆ ಕಾರಣವನ್ನು ಗೆರೆ ಎಳೆದು ಕೊಟ್ಟವಳು ನಾನು.

ಅವಳು ಮೇಲೆ ಬಂದು ಬಟ್ಟೆ ತುಂಬಿಕೊಂಡಳು. ಪರೀಕ್ಷೆಗೆ ಹತ್ತೊಂಬತ್ತು ದಿನ ಉಳಿದಿತ್ತು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಬೈದರೆ ಸಾಕು ಎಂದು ಕಾಯುತ್ತಿದ್ದೆ. ಅವಳು ಕಂಬಳಿ ಮಡಚುತ್ತ ಹೇಳಿದಳು:

"ಒಂದ್ ಶನಿವಾರ ಬಿಟ್ಟೀದಿ ನೋಡು ಗೌಡ್ತಿ. ದಸರಾ ಮುಂದ ನಿನಗ ಜ್ವರ ಬಂದಿತ್ತಲ್ಲ, ಅವತ್ತ ನಾ ಎಲ್ಲಿಗೂ ಹೋಗಿಲ್ಲ. ಅದನ್ನೂ ಬರೀಬೇಕಿತ್ತು."

ನೋಟ್‌ಬುಕ್ಕಿನಲ್ಲಿ ಆ ದಿನದ ಪುಟ ತೆಗೆದು ನೋಡಿದೆ. ಜ್ವರ ನೂರ ಎರಡು, ಗುಳಿಗೆ ಮೂರು, ಗಂಜಿ ಎರಡು ಲೋಟ. ಗಂಜಿ ಕಾಯಿಸಿದವರ ಹೆಸರಿರಲಿಲ್ಲ. ಹೋದ ಶನಿವಾರಗಳನ್ನಷ್ಟೇ ಬರೆದಿದ್ದೆ. ಉಳಿದದ್ದಕ್ಕೆ ನನ್ನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ನನ್ನ ಮುಂದಿನ ಬೆಂಚು ಐದು ದಿನವೂ ಖಾಲಿ ಇತ್ತು. ನಾನು ಐದೂ ವಿಷಯಗಳಲ್ಲಿ ಪಾಸಾದೆ. ಕಾಕಿ ಆ ಕೋಣೆಗೆ ಸುಣ್ಣ ಹೊಡೆಸಿ ಇನ್ನೊಬ್ಬಳನ್ನು ತಂದಳು. ಆ ಹುಡುಗಿಯ ಬಗ್ಗೆ ನಾನು ಏನನ್ನೂ ಬರೆದಿಡಲಿಲ್ಲ, ಅವಳ ಜೊತೆ ಹೆಚ್ಚು ಮಾತನ್ನೂ ಆಡಲಿಲ್ಲ.

ಹೋದ ವರ್ಷ ಕಡಲೆ ಕಿತ್ತ ಮೇಲೆ ನಮ್ಮ ಹೊಲದಲ್ಲಿ ಕುರಿ ಕೂಡಿದ್ದವು. ಅಪ್ಪನಿಗೆ ಬುತ್ತಿ ಒಯ್ದಿದ್ದೆ. ಬಾವಿಯ ಕಟ್ಟೆಯ ಮೇಲೆ ಕೆಂಪು ರುಮಾಲಿನವನು ಕೂತಿದ್ದ. ನಾನು ಗುರುತಿಸುವ ಮೊದಲೇ ಅವನು ನನ್ನನ್ನು ಗುರುತಿಸಿದ.

"ನಮ್ಮಾಕಿ ಸಂಗಟ ತಾಂಡೂರಾಗ ಇದ್ದಾಕಿ ಅಲ್ಲೇನವ್ವಾ ನೀ?"

ಎದ್ದು ನಿಂತು ಮಾತಾಡಿಸಿದ. ಮಗಳನ್ನು ಆ ಬೇಸಿಗೆಯಲ್ಲೇ ಸೋದರಮಾವನ ಮಗನಿಗೆ ಕೊಟ್ಟರಂತೆ. ಅಳಿಯ ಆಟೋ ಓಡಿಸಲಿಲ್ಲ, ಅವರ ಮನೆಯವರು ಮತ್ತೆ ಕುರಿ ಮಾಡಿದ್ದಾರೆ, ಬೀದರ್ ಕಡೆ ಹೋಗಿದ್ದಾರೆ. ಒಂದು ಹೆಣ್ಣು ಕೂಸು.

"ನಾ ಆವತ್ತ ಫೋನ್ ಹತ್ತೋ ಜಾಗದಾಗ ಇರ್ಲಿಲ್ಲವ್ವಾ. ಮೂರ್ ದಿನ ಆದ ಮ್ಯಾಲ ಗೊತ್ತಾತು. ಯಾರೋ ಜತಿಗಿದ್ದವರೇ ಬರದ್ ಕೊಟ್ರಂತ. ಎಷ್ಟ್ ಕೇಳಿದ್ರೂ ಆಕಿ ಹೆಸರ ಹೇಳ್ವಲ್ಲಳು. ಆ ಮನ್ಯಾಗ ನಾಕ್ ಮಂದಿ ಇದ್ರಿ. ಯಾರಂತ ನಿನಗೇನರ ಗೊತ್ತೇನವ್ವಾ?"

ಅಪ್ಪ ಹತ್ತಿರದಲ್ಲೇ ಕೈ ತೊಳೆಯುತ್ತಿದ್ದರು.

"ಗೊತ್ತಿಲ್ರಿ," ಎಂದೆ.

"ಹೋಗ್ಲಿ ಬಿಡು. ನೀ ಪಾಸಾದೇನವ್ವಾ?"

"ಆದ್ನಿರಿ."

"ಬೇಷಾತು," ಎಂದ. ನಿಜವಾಗಿಯೂ ಸಂತೋಷಪಟ್ಟ. "ನಮ್ಮಾಕಿನೂ ಆಗ್ತಿದ್ಲು."

ಅವಳೀಗ ಬೀದರ್ ಕಡೆಯ ಯಾವ ಹೊಲದಲ್ಲಿದ್ದಾಳೋ... ಹುಡುಕುವುದು ಕಷ್ಟವಲ್ಲ. ಕುರಿಯವರನ್ನು ಕೇಳಿದರೆ ಇಂಥ ಊರಲ್ಲಿ ಕೂಡಿವೆ ಎಂದು ಹೇಳುತ್ತಾರೆ. ನಾರಾಯಣಖೇಡದಿಂದ ಬೀದರಿಗೆ ದಿನಾ ಬಸ್ಸಿದೆ. ನಾನು ಇದುವರೆಗೆ ಒಂದನ್ನೂ ಹತ್ತಿಲ್ಲ. ಹೋಗಿ ಹೇಳಬೇಕಾದ ಮಾತನ್ನು ಅವಳ ಅಪ್ಪ ಎದುರು ನಿಂತು ಕೇಳಿದಾಗಲೇ ಹೇಳದವಳು, ಅವಳ ಎದುರು ನಿಂತು ಏನು ಹೇಳಲಿ?