ಕಾಳಪ್ಪನ ಪಕ್ಕದ ಸ್ಟೂಲು

ಚಾಮರಾಜಪೇಟೆಯ ಹಿಟ್ಟಿನ ಗಿರಣಿಯ ಮುನಿಲಕ್ಷ್ಮಮ್ಮನವರ ಮಗಳು ಹೇಮಶ್ರೀ 1997ರ ಬೇಸಿಗೆಯಲ್ಲಿ ದಿಗ್ವಿಜಯಕ್ಕೆ ಹೊರಟಳು. ಆಯುಧ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮತ್ತು ಒಂದು ಸ್ಕ್ರೂಡ್ರೈವರ್. ವಾಹನ, ಬ್ರೇಕ್ ಹಿಡಿದರೆ ಕಿರುಚಿಕೊಳ್ಳುವ ಲೇಡೀಸ್ ಸೈಕಲ್. ಗೆಲ್ಲಬೇಕಾದ ಕೋಟೆ ಮಲ್ಲೇಶ್ವರಂನ ಒಂದು ಮಹಡಿಯ ಮೇಲಿದ್ದ ರೆಕಾರ್ಡಿಂಗ್ ಸ್ಟುಡಿಯೋ. ಕೋಟೆಯ ಒಡೆಯ ಕಶ್ಯಪ್ ಬಾಗಿಲಲ್ಲೇ ತಡೆದ.

"ಅನುಭವ ಇದೆಯಾ?"

"ಕೆಲಸ ಕೊಟ್ರೆ ಬರುತ್ತೆ ಸರ್."

"ಅನುಭವ ತಂದ್ರೆ ಕೆಲಸ ಕೊಡ್ತೀನಿ. ನೀವೇ ಮಾಡಿರೋ ಒಂದು ಕಛೇರಿ ರೆಕಾರ್ಡಿಂಗ್ ತನ್ನಿ, ಕೇಳೋಣ."

ಮೊದಲ ಯುದ್ಧದಲ್ಲಿ ಸೋತು ಮನೆಗೆ ಬಂದರೆ ಅಲ್ಲಿ ಎರಡನೆಯದು ಕಾದಿತ್ತು. ಮುನಿಲಕ್ಷ್ಮಮ್ಮನವರು ಗಿರಣಿಯಲ್ಲಿ ಕೂತು ಕೂತು ಅರ್ಧ ಕಿವುಡಾಗಿದ್ದರು. ಹಾಗಾಗಿ ಅವರ ಗುಟ್ಟುಗಳೆಲ್ಲ ಎರಡು ರಸ್ತೆಗೆ ಕೇಳುತ್ತಿದ್ದವು.

"ರಾಮೋತ್ಸವ ಮುಗಿಯೋದ್ರೊಳಗೆ ಕೆಲಸ ಸಿಕ್ರೆ ಸಿಕ್ತು ಕಣೆ. ಇಲ್ದಿದ್ರೆ ಮಾರನೇ ದಿನದಿಂದ ರಾಗಿ ಹಾಕೋಕೆ ನೀನೇ ಕೂತ್ಕೊ. ನನ್ ಸೊಂಟ ಹೋಗಿದೆ."

ಹೇಮಶ್ರೀಗೆ ರಾಗಿಯ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ತಂಬೂರಿಯ ನಾಲ್ಕು ತಂತಿಗಳಲ್ಲಿ ಯಾವುದು ಕೂದಲೆಳೆಯಷ್ಟು ಸಡಿಲವಾಗಿದೆ ಎಂದು ಹಿಡಿಯಬಲ್ಲ ಕಿವಿ ಅವಳದು. ಗಿರಣಿಯಲ್ಲಿ ಕೂತರೆ ಅದೂ ಅಮ್ಮನ ಕಿವಿಯ ದಾರಿ ಹಿಡಿಯುತ್ತಿತ್ತು. ಒಂದು ವರ್ಷದ ರಾಮೋತ್ಸವ ಸಾಕು ಎಂದು ಲೆಕ್ಕ ಹಾಕಿದಳು. ಪುಕ್ಕಟೆ ಸೇವೆ ಮಾಡುವುದು, ಒಂದು ಕ್ಯಾಸೆಟ್ ಸಂಪಾದಿಸುವುದು, ಮತ್ತೆ ಆ ಕಡೆ ತಲೆ ಹಾಕಿ ಮಲಗಬಾರದು. ಹೀಗೆ ಮನೆಯ ಹತ್ತಿರದ ರಾಮಸೇವಾ ಸಭಾದ ಚಪ್ಪರಕ್ಕೆ ಬಂದು ನಿಂತಳು.

ಕಾರ್ಯದರ್ಶಿ ಶೀನಣ್ಣನವರು ತೋರಣದ ಕೆಳಗೆ ಬೆತ್ತದ ಕುರ್ಚಿಯಲ್ಲಿದ್ದರು.

"ಮೈಕ್ ನೋಡ್ಕೋತೀಯಾ? ಬಾಮ್ಮ, ಬಾ. ಸಂಬಳ ಇಲ್ಲ, ಕೋಸಂಬರಿ ಇದೆ. ಕಾಳಪ್ಪನ ಪಕ್ಕ ಒಂದು ಸ್ಟೂಲ್ ಹಾಕಿಸ್ತೀನಿ."

ವೇದಿಕೆಯ ಬಲಗಡೆ ಆಂಪ್ಲಿಫೈಯರಿನ ಮುಂದೆ ಒಂದು ಮಡಚುವ ಕುರ್ಚಿ ಇತ್ತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಅದರ ಬೆನ್ನಿಗೆ ಹಳದಿ ರೇಷ್ಮೆಯ ಬ್ಯಾಡ್ಜು ಚುಚ್ಚಿದ್ದರು: ಕಾಳಪ್ಪ, ಧ್ವನಿವರ್ಧಕ ಸೇವೆ.

"ಅವ್ರು ಯಾವಾಗ ಬರ್ತಾರೆ ಸರ್?"

"ತೀರ್ಕೊಂಡು ಆರು ವರ್ಷ ಆಯ್ತು," ಎಂದು ಶೀನಣ್ಣನವರು ಹೆಸರುಬೇಳೆಯ ಚೀಲದ ಕಡೆ ಹೋದರು.

ಆ ಸಭಾದ ಪದ್ಧತಿಯೇ ಹಾಗೆ. ಒಮ್ಮೆ ಸೇವೆಗೆ ಹೆಸರು ಕೊಟ್ಟವರ ಬ್ಯಾಡ್ಜನ್ನು ವರ್ಷವರ್ಷವೂ ಹೊಲಿಸುತ್ತಿದ್ದರು. ಹೆಸರು ತೆಗೆಯುವ ಸಂಪ್ರದಾಯವೇ ಇರಲಿಲ್ಲ. ಬರಲಾಗದವರ ಬ್ಯಾಡ್ಜನ್ನು ಅವರ ಜಾಗಕ್ಕೆ ಚುಚ್ಚಿಬಿಡುವುದು. ಪಾನಕದ ಹಂಡೆಯ ಮೇಜಿಗೆ ಭಾಗೀರಥಮ್ಮನವರದು. ಚಪ್ಪಲಿ ಕಾಯುವ ಕಂಬಕ್ಕೆ ಇನ್ನಾರದೋ. ಕಂಬದ ಬಳಿ ಒಂದು ಜೀವಂತ ಪ್ರಾಣಿಯೂ ಇರುತ್ತಿರಲಿಲ್ಲ, ಆದರೂ ಆ ಚಪ್ಪರದಲ್ಲಿ ಒಂದೇ ಒಂದು ಚಪ್ಪಲಿ ಕಳುವಾದದ್ದಿಲ್ಲ. ಬೆಂಗಳೂರಿನಂಥ ಊರಿನಲ್ಲಿ ಅದೊಂದೇ ಅನುಮಾನಕ್ಕೆ ಸಾಕಾಗಬೇಕಿತ್ತು. ನಮ್ಮ ವೀರಾಗ್ರಣಿಗೆ ಸಾಕಾಗಲಿಲ್ಲ. ತನ್ನ ಹೆಸರಿನ ಬ್ಯಾಡ್ಜು ಹೊಲಿಸಲು ಶೀನಣ್ಣನವರು ಕಾಗುಣಿತ ಕೇಳಿದಾಗ ಉತ್ಸಾಹದಿಂದ ಹೇಳಿಕೊಟ್ಟಳು.

ಮೊದಲ ಸಂಜೆ ಮೈಕಿಗೆ ಕರೆಂಟು ಕೊಟ್ಟಳು. ಹಲೋ ಎನ್ನಲು ಬಾಯಿ ತೆರೆಯುವ ಮೊದಲೇ ಸ್ಪೀಕರಿನಲ್ಲಿ ಉಗುರಿನಿಂದ ತಟ್ಟಿದಂತೆ ಟಕ್, ಟಕ್ ಎಂದಿತು. ವೇದಿಕೆಯ ಮೇಲೆ ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮುದುಕರು ಮಾತ್ರ, "ಸರಿ, ಶುರು ಆಗುತ್ತೆ," ಎಂದು ಕಾಲು ಮಡಚಿ ಕೂತರು.

ವಯರು ಸಡಿಲವಿರಬೇಕೆಂದು ಅವಳು ಎಲ್ಲವನ್ನೂ ಬಿಗಿ ಮಾಡಿದಳು. ಮರುದಿನವೂ ಟಕ್, ಟಕ್. ಮೂರನೆಯ ದಿನ ಹಾಡುತ್ತಿದ್ದ ಹಿರಿಯ ಗಾಯಕಿ ಆಲಾಪನೆಯಲ್ಲಿ ಇದ್ದಕ್ಕಿದ್ದಂತೆ ದನಿಯನ್ನು ಉಸಿರಿನಷ್ಟು ಇಳಿಸಿದರು. ಹೇಮಶ್ರೀ ಗಾಬರಿಯಾಗಿ ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿಗೆ ಕೈಯಿಟ್ಟಳು. ಗುಂಡಿ ಆಗಲೇ ತಿರುಗುತ್ತಿತ್ತು. ಅವಳ ಬೆರಳುಗಳ ಅಡಿಯಲ್ಲಿ ಮೆಲ್ಲಗೆ, ಬೇಕಾದಷ್ಟೇ ತಿರುಗಿ ನಿಂತಿತು. ಅಕ್ಕಿಯ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ಓಂ ಬರೆಸುತ್ತಾರಲ್ಲ, ಹಾಗೆ. ಬರೆಸುವವರ ಕೈ ಬೆಚ್ಚಗಿರುತ್ತದೆ. ಇದು ಹೂಜಿಯ ನೀರಿನಂತೆ ತಣ್ಣಗಿತ್ತು.

ಕಛೇರಿ ಮುಗಿದ ಮೇಲೆ ಅವಳು ಶೀನಣ್ಣನವರ ಮುಂದೆ ನಿಂತಳು.

"ಸರ್, ಆ ಗುಂಡಿ ತಾನಾಗೇ ತಿರುಗುತ್ತೆ."

"ತಾನಾಗೇ ಹೆಂಗಮ್ಮ ತಿರುಗುತ್ತೆ? ಕಾಳಪ್ಪ ತಿರುಗಿಸ್ತಾನೆ. ಹೊಸಬ್ರ ಕೈಗೆ ಮೈಕ್ ಕೊಡೋಕೆ ಅವನಿಗೆ ಮೊದಲಿಂದ್ಲೂ ಧೈರ್ಯ ಇಲ್ಲ. ಬೇಜಾರ್ ಮಾಡ್ಕೋಬೇಡ. ಕೋಸಂಬರಿ ತಗೊಂಡ್ಯಾ?"

ಬೇರೆ ಯಾರಾದರೂ ಅಲ್ಲಿಂದಲೇ ಸೈಕಲ್ ಹತ್ತುತ್ತಿದ್ದರು. ಹೇಮಶ್ರೀಗೆ ಗಿರಣಿಯ ನೆನಪಾಯಿತು. ಭೂತವನ್ನೂ ಗಿರಣಿಯನ್ನೂ ತೂಗಿ ನೋಡಿದಳು. ಭೂತದ ಸದ್ದೇ ಕಡಿಮೆ. ಮಾರನೆಯ ಸಂಜೆಯೂ ಸ್ಟೂಲಿನ ಮೇಲೆ ಕೂತು, ಮೈಯೆಲ್ಲ ಮುಳ್ಳೆದ್ದಿದ್ದರೂ ಗುಂಡಿಯ ಮೇಲೆ ಕೈಯಿಟ್ಟಳು. ಉತ್ಸವ ಮುಗಿಯುವವರೆಗೂ ಇಟ್ಟಳು. ಆಂಪ್ಲಿಫೈಯರಿಗೆ ಟೇಪ್ ರೆಕಾರ್ಡರ್ ಜೋಡಿಸಿ ತುಂಬಿಕೊಂಡಿದ್ದ ಗಾಯಕಿಯ ಕಛೇರಿಯ ಕ್ಯಾಸೆಟ್ಟನ್ನು ಸೆರಗಿನ ಗಂಟಿನಂತೆ ಮಲ್ಲೇಶ್ವರಂಗೆ ಒಯ್ದಳು.

ಕಶ್ಯಪ್ ಕಣ್ಣು ಮುಚ್ಚಿ ಕೇಳಿದ. "ನೀವೇ ಮಾಡಿದ್ದಾ?"

"ನನ್ನ ಕೈಯಲ್ಲೇ ಆಗಿದ್ದು ಸರ್." ಇದರಲ್ಲಿ ಸುಳ್ಳೇನೂ ಇರಲಿಲ್ಲ.

"ಒಳಗೆ ಪಿಟೀಲಿನವ್ರು ಕೂತಿದಾರೆ. ನನ್ನೆದುರು ಒಂದ್ಸಲ ಮಾಡಿ."

ಹೇಮಶ್ರೀ ಕೂತಳು. ಕೈಯಿಟ್ಟು ಕಾದಳು. ಗುಂಡಿ ಅಲುಗಲಿಲ್ಲ. ಚಾಮರಾಜಪೇಟೆಯ ಸೇವಕ ಮಲ್ಲೇಶ್ವರಂವರೆಗೆ ಏಕೆ ಬಂದಾನು? ಅಷ್ಟರಲ್ಲಿ ಪಿಟೀಲು ದನಿ ಇಳಿಸಿತು, ಅವಳ ಕೈ ತಾನಾಗಿ ತಿರುಗಿತು. ಯಾರೂ ಹಿಡಿದಿರಲಿಲ್ಲ. ಬೆರಳುಗಳಿಗೆ ಪಾಠವಾಗಿತ್ತು.

"ಸೋಮವಾರದಿಂದ ಬನ್ನಿ," ಎಂದ ಕಶ್ಯಪ್.

ಹೀಗೆ ಕೋಟೆ ವಶವಾಯಿತು. ಒಂದೇ ವರ್ಷ ಎಂದಿದ್ದವಳು ಉಪಕಾರದ ಹಂಗಿಗೆ ಇನ್ನೂ ಕೆಲವು ವರ್ಷ ಚಪ್ಪರಕ್ಕೆ ಹೋದಳು. ಆಮೇಲೆ ಸಿನಿಮಾ ಕೆಲಸ, ಧಾರಾವಾಹಿ ಕೆಲಸ, ಸ್ಟುಡಿಯೋದಲ್ಲಿ ಅವಳಿಲ್ಲದಿದ್ದರೆ ಹುಲ್ಲುಕಡ್ಡಿ ಅಲ್ಲಾಡದ ಸ್ಥಿತಿ. 2003ರ ರಾಮನವಮಿಯ ಸಂಜೆ ಗಾಜಿನ ಕೋಣೆಯಲ್ಲಿ ಮಧ್ಯಾಹ್ನದಿಂದ ಕೂತವಳಿಗೆ ಏಳಲು ಆಗಲೇ ಇಲ್ಲ. ಒಮ್ಮೆ ಮಾತ್ರ ಬಲಗೈ ಜೋಮು ಹಿಡಿದು ತಣ್ಣಗಾಯಿತು. ಕಾಫಿ ತರಿಸಿ ಕುಡಿದಳು. ಏನೋ ರುಚಿ ಕೆಟ್ಟಿತ್ತು, ಅರ್ಧಕ್ಕೇ ಬಿಟ್ಟಳು.

ಮರುದಿನ ಕ್ಷಮೆ ಕೇಳಲು ಫೋನ್ ಮಾಡಿದಳು.

"ಸರ್, ನಿನ್ನೆ ಬರೋಕೆ ಆಗ್ಲಿಲ್ಲ."

"ತಮಾಷೆ ಮಾಡ್ತೀಯೇನಮ್ಮ?" ಎಂದರು ಶೀನಣ್ಣನವರು. "ಸ್ಟೂಲಿಗೆ ನಿನ್ನ ಬ್ಯಾಡ್ಜ್ ಚುಚ್ಚಿದ್ದೆ, ನೀನು ಬರಲ್ಲ ಅಂತ. ತಿರುಗಿ ನೋಡಿದ್ರೆ ಕೂತೇಬಿಟ್ಟಿದೀಯ. ಮಾತಾಡಿಸಿದ್ರೆ ಮಾತಿಲ್ಲ. ಪಾನಕ ಮಾತ್ರ ಎರಡು ಲೋಟ ಕುಡಿದೆ. ಇಬ್ಬರೂ ಚೆನ್ನಾಗಿ ನಡೆಸಿದ್ರಿ, ಬಿಡು."

ಹೇಮಶ್ರೀ ಫೋನ್ ಇಟ್ಟಳು. ನಿನ್ನೆಯ ಕಾಫಿಯಲ್ಲಿ ಇದ್ದದ್ದು ಬೆಲ್ಲ, ಏಲಕ್ಕಿ ಮತ್ತು ಒಂದು ಚಿಟಿಕೆ ಮೆಣಸು ಎಂದು ನಾಲಿಗೆಗೆ ಆಗ ನೆನಪಾಯಿತು.

ಯಾರಿಗೆ ಹೇಳುವುದು? ಅಮ್ಮನಿಗೆ ಹೇಳಿದಳು, ಕಿವಿಯ ಹತ್ತಿರ ಕೂಗಿ. ಎರಡು ರಸ್ತೆಗೂ ವಿಷಯ ಗೊತ್ತಾಯಿತು.

"ಸಂಬಳದ ಕೆಲಸ ಆದ್ರೆ ರಾಜೀನಾಮೆ ಕೊಡಬೋದು," ಎಂದರು ಮುನಿಲಕ್ಷ್ಮಮ್ಮ, ಮೊರದಲ್ಲಿ ರಾಗಿ ಕೇರುತ್ತ. "ಪುಕ್ಕಟೆ ಕೆಲಸಕ್ಕೆ ಯಾರಿಗೆ ಕೊಡ್ತೀಯೆ?"

ಅಂದಿನಿಂದ ಹೇಮಶ್ರೀ ಯಾವ ರಾಮನವಮಿಯನ್ನೂ ತಪ್ಪಿಸಿಲ್ಲ. ಸಿನಿಮಾದವರು ಎಷ್ಟೇ ಗೋಗರೆದರೂ ಆ ಸಂಜೆ ಬಿಡುವು ಮಾಡಿಕೊಂಡು ಚಾಮರಾಜಪೇಟೆಗೆ ಬರುತ್ತಾಳೆ. ಜನ ಅದನ್ನು ಭಕ್ತಿ ಎನ್ನುತ್ತಾರೆ. ಅವಳು ನೇರವಾಗಿ ವೇದಿಕೆಗೆ ಹೋಗುವುದಿಲ್ಲ. ಚಪ್ಪಲಿಯ ಕಂಬದ ಬಳಿ ನಿಂತು, ಕತ್ತು ಉದ್ದ ಮಾಡಿ, ಸ್ಟೂಲು ಖಾಲಿ ಇದೆಯೇ ಎಂದು ಮೊದಲು ನೋಡುತ್ತಾಳೆ. ಖಾಲಿ ಇದ್ದರೆ ಓಡಿಹೋಗಿ ಕೂತುಬಿಡುತ್ತಾಳೆ.